ಪಲ್ಲವಿಯೂ ಚರಣವೂ

ಹದಿಹರೆಯದಲ್ಲಿ ಮೊದಲು ಕೇಳಿದ ಸಂಗೀತ ಕಚೇರಿಯನ್ನು ಮುಂದೊಮ್ಮೆ ವಿಮರ್ಶೆಯ ದೃಷ್ಟಿಯಿಂದ ನೆನೆಯಹೊರಟವನಿಗೆ ಎರಡು ತೊಡಕುಗಳುಂಟು. ನೆನಪು ಎಲ್ಲವನ್ನೂ ಹಿಗ್ಗಿಸಿ ತೋರಿಸುತ್ತದೆ. ಆಮೇಲೆ ಬಂದ ತಿಳಿವಳಿಕೆ ಅದನ್ನೇ ಕುಗ್ಗಿಸಲು ನೋಡುತ್ತದೆ. ಇವೆರಡರ ನಡುವೆ ಹಾಡಿನ ನಿಜವಾದ ಅಳತೆ ಎಷ್ಟೆಂದು ವಿಚಾರಿಸುವುದು ಈ ಬರಹದ ಉದ್ದೇಶ. ಹಾಡು ಸಂತ ಶಿಶುನಾಳ ಶರೀಫರದು. ಹಾಡಿದವರು ಮೈಸೂರಿನಲ್ಲಿ ಬೆಳೆದ ಶ್ರೀ ರಘು ದೀಕ್ಷಿತರು ಮತ್ತು ಅವರ ತಂಡದವರು.

ಚಲನಚಿತ್ರದ ಹಂಗಿಲ್ಲದೆ, ಧ್ವನಿಮುದ್ರಣದ ದೊಡ್ಡ ಕಂಪೆನಿಗಳ ಅಪ್ಪಣೆಗೆ ಕಾಯದೆ, ತಾವೇ ಹಾಡು ಕಟ್ಟಿ ತಾವೇ ನುಡಿಸಿ ಊರೂರು ತಿರುಗುವ ತಂಡಗಳ ಸಂಗೀತಕ್ಕೆ ಈಗ 'ಇಂಡೀ' ಎಂಬ ಹೆಸರು ಬಳಕೆಯಲ್ಲಿದೆ. 'ಸ್ವತಂತ್ರ' ಎಂಬರ್ಥದ ಇಂಗ್ಲಿಷ್ ಪದದ ಮೊಟಕು ರೂಪವಿದು. ಹೆಸರಿನಲ್ಲಿರುವಷ್ಟು ಸ್ವಾತಂತ್ರ್ಯ ನಡೆಯಲ್ಲಿ ಯಾವಾಗಲೂ ಇರುವುದಿಲ್ಲ. ದೀಕ್ಷಿತರ ಮೊದಲ ಧ್ವನಿಸಂಪುಟವನ್ನು 2008ರಲ್ಲಿ ಹೊರತಂದವರು ಹಿಂದೀ ಚಿತ್ರರಂಗದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರರೇ. ಅದಿರಲಿ. ಆ ಸಂಪುಟದಲ್ಲಿ ಹಿಂದೀ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ತತ್ತ್ವಪದಗಳು ಸೇರಿದ್ದುವು. ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ. ಮರುವರ್ಷ ಮೈಸೂರಿನ ಒಂದು ಬಯಲಿನಲ್ಲಿ ನಾನು ಕೇಳಿದ್ದು ಇವನ್ನೇ. ಆಗ ನನಗೆ 17 ವರ್ಷ.

ನಮ್ಮ ತಾಳವಾಡಿ ಸೀಮೆಯ ಹುಡುಗನಿಗೆ ರಾತ್ರಿಯೆಲ್ಲ ಕುಳಿತು ಹಾಡು ಕೇಳುವುದು ಹೊಸದಲ್ಲ. ಮಾದಪ್ಪನ ಕಂಸಾಳೆ, ಮಂಟೇಸ್ವಾಮಿಯ ನೀಲಗಾರರ ತಂಬೂರಿ, ಗಗ್ಗರ ಇವು ಕಿವಿಗೆ ಹಳೆಯವು. ಹೊಸದಾಗಿದ್ದುದು ಬೇರೆ. ನಮ್ಮಲ್ಲಿ ಕನ್ನಡವೆಂದರೆ ಮನೆ, ಗುಡಿ, ಶಾಲೆ. ಆ ಗಡಿ ದಾಟಿದರೆ ಕಚೇರಿಯ ಕಾಗದ ತಮಿಳಿನಲ್ಲಿ. ಗಡಿಯಾಚೆಯ ಪಟ್ಟಣಕ್ಕೆ ಹೋದರೆ ಅಲ್ಲಿನ ಓದಿದ ತರುಣರು ತಮ್ಮತಮ್ಮೊಳಗೆ ಆಡುವುದು ಇಂಗ್ಲಿಷ್. ಅಂಥ ತರುಣರೇ ಆ ಬಯಲಲ್ಲಿ ಗುಂಪುಗುಂಪಾಗಿ ನಿಂತು, ಗಿಟಾರಿನ ಮತ್ತು ಡ್ರಮ್ಮಿನ ಘೋಷದ ನಡುವೆ, ನಮ್ಮ ವಾಚಕದಲ್ಲಿದ್ದ ಕವಿಯ ಪದವನ್ನು ಗಂಟಲು ಹರಿಯುವಂತೆ ಹೇಳುತ್ತಿದ್ದರು. ಬಣ್ಣದ ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುತ್ತಿದ್ದ ಗಾಯಕರ ಕಂಠಶ್ರೀಗಿಂತ ಈ ಸಂಗತಿಯೇ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು. ಕನ್ನಡಕ್ಕೆ ಅಷ್ಟು ದೊಡ್ಡ ಧ್ವನಿ ಇದ್ದುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಗಡಿಯ ಶಾಲೆಗಳಲ್ಲಿ ಕಲಿಸುವವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ವಿಮರ್ಶೆ ಇಲ್ಲಿಗೆ ನಿಲ್ಲಲಾಗದು. ಜನಸ್ತೋಮ ಹೇಳಿದ್ದು ಪಲ್ಲವಿಯನ್ನು ಮಾತ್ರ. ಗುಡುಗುಡಿಯೆಂದರೆ ಬುರುಡೆಯಲ್ಲಿ ನೀರು ತುಂಬಿ ಅದರ ಮೂಲಕ ಹೊಗೆಯೆಳೆಯುವ ಸಾಧನ. ನೀರಿನ ಸದ್ದೇ ಅದರ ಹೆಸರು. ಪಲ್ಲವಿಯು ಅದನ್ನು ಸೇದಿ ನೋಡೆಂದು ಕರೆಯುತ್ತದೆ, ಒಡಲಿನ ರೋಗ ಕಳೆಯುವ ಒಂದು ಸುಳಿವನ್ನೂ ಕೊಡುತ್ತದೆ. ಸೇದಬೇಕಾದದ್ದು ಏನನ್ನೆಂಬ ಬೀಗದಕೈ ಮಾತ್ರ ಇರುವುದು ಚರಣದಲ್ಲಿ. ಅಲ್ಲಿ ಮನಸ್ಸೇ ಸಂಚಿ, ದಿನದಿನವೂ ಕೊಚ್ಚಬೇಕಾದ ಸೊಪ್ಪು ಮೋಹ, ನೆನಹೇ ಚಿಲುಮೆ, ಬೆಂಕಿ ತಾಗುವುದು ಬುದ್ಧಿ ತಿಳಿದ ಮೇಲೆ. ಸೇದುವವನ ಕೈಯಲ್ಲಿರುವ ಒಂದೊಂದು ಸಾಮಾನನ್ನೂ ಶರೀಫರು ಅವನ ಒಳಗಿಗೇ ತಿರುಗಿಸಿಬಿಡುತ್ತಾರೆ. ಹೊರಗೆ ಚಟ, ಒಳಗೆ ಸಾಧನೆ. ಈ ತಿರುವು ಕೇಳುಗನಿಗೆ ತಾಗಬೇಕಾದರೆ ಚರಣದ ಮಾತುಗಳು ಬಿಡಿಬಿಡಿಯಾಗಿ ಕಿವಿಗೆ ಬೀಳಬೇಕು. ಆ ರಾತ್ರಿ ಚರಣ ಬಂದಾಗ ತಾಳ ಓಡಿತು, ಪಿಟೀಲು ಏರಿತು, ಜನ ಮುಂದಿನ ಪಲ್ಲವಿಗಾಗಿ ಕಾದರು. ಮನೆಗೆ ಹೊತ್ತುಕೊಂಡು ಹೋದದ್ದು ಗುಡುಗುಡಿ. ಸಂಚಿಯೂ ಚಿಲುಮೆಯೂ ಬಯಲಲ್ಲೇ ಉಳಿದುವು. ಆ ಚರಣವನ್ನು ನಾನು ಓದಿದ್ದು ಶಿಕ್ಷಕರ ತರಬೇತಿಗೆ ಸೇರಿದ ಮೇಲೆ, ಗ್ರಂಥಾಲಯದ ಒಂದು ಸವೆದ ಪುಸ್ತಕದಲ್ಲಿ.

ಹಿರಿಯರು ಕೆಲವರು ಗಿಟಾರನ್ನೇ ದೂರುವುದುಂಟು. ಆ ಆಕ್ಷೇಪದಲ್ಲಿ ಹುರುಳಿಲ್ಲ. ಶರೀಫರ (1819–1889) ಪದಗಳು ಮೊದಲು ಹಬ್ಬಿದ್ದು ಏಕತಾರಿ, ದಮ್ಮಡಿ, ತಾಳಗಳ ಭಜನೆಯ ಮೇಳಗಳಲ್ಲಿ. ಇಂದು ನಾವು 'ಮೂಲದ ಧಾಟಿ' ಎಂದು ತಿಳಿದಿರುವುದು ಬಹುಮಟ್ಟಿಗೆ ಸಿ. ಅಶ್ವತ್ಥರು (1939–2009) ಧ್ವನಿಸುರುಳಿಗಳಿಗಾಗಿಯೂ 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕಾಗಿಯೂ ಕಟ್ಟಿದ ಧಾಟಿಗಳು. ಅವೂ ತಮ್ಮ ಕಾಲಕ್ಕೆ ಹೊಸವೇ. ವ್ಯತ್ಯಾಸವಿರುವುದು ವಾದ್ಯದಲ್ಲಲ್ಲ, ಮಾತಿಗೆ ಕೊಟ್ಟ ಬಿಡುವಿನಲ್ಲಿ. ಅಶ್ವತ್ಥರು ಮಾತು ಇಳಿಯುವವರೆಗೆ ಕಾಯುತ್ತಾರೆ, ಬೇಕಾದರೆ ಒಂದೇ ಪದವನ್ನು ಹಿಂದುಮುಂದು ತಿರುಗಿಸಿ ನೋಡುತ್ತಾರೆ. ನೀಲಗಾರನೂ ಹಾಗೆಯೇ: ಹಿಮ್ಮೇಳದವರು ಸೊಲ್ಲು ಹಿಡಿಯುವರು, ಅವನು ನಡುವೆ ಹಾಡು ನಿಲ್ಲಿಸಿ ಕಥೆಯನ್ನು ಮಾತಿನಲ್ಲಿ ಹೇಳುವನು, ಮತ್ತೆ ತಂಬೂರಿ ಮೀಟುವನು. ಈ ದೃಷ್ಟಿಯಿಂದ ನೋಡಿದರೆ ದೀಕ್ಷಿತರ ಸಭೆ ಸೊಲ್ಲು ಹಿಡಿಯುವ ದೊಡ್ಡ ಹಿಮ್ಮೇಳವೇ ಹೊರತು ಪರದೇಶದ ಪದ್ಧತಿಯಲ್ಲ. ಕೊರತೆಯಾದುದು ನಡುವಣ ಮಾತು. ಪದಕ್ಕೆ ಮುಂಚೆ ಶರೀಫರ ವಿಷಯವಾಗಿ ಎರಡು ಮಾತು ಆಡುವ ರೂಢಿ ದೀಕ್ಷಿತರಿಗಿದೆ, ಅದು ಮೆಚ್ಚತಕ್ಕದ್ದೇ. ಆದರೂ ಹಾಡಿನ ಹೊರಗೆ ಹೇಳಿದ ಅರ್ಥ ಬೇರೆ, ಹಾಡಿನೊಳಗೆ ತಾನೇ ತೆರೆದುಕೊಂಡ ಅರ್ಥ ಬೇರೆ.

ಮಾಳಿಗೆಯ ಪದದ ಸ್ಥಿತಿ ಹೀಗಿಲ್ಲ. ಮಾಳಿಗೆ ಸೋರುತ್ತಿರುವುದು ಅಜ್ಞಾನದಿಂದ ಎಂಬುದನ್ನು ಶರೀಫರು ಪಲ್ಲವಿಯಲ್ಲೇ ಹೇಳಿಬಿಟ್ಟಿದ್ದಾರೆ. ಬೀಗದಕೈ ಬಾಗಿಲಲ್ಲೇ ತೂಗುತ್ತಿದೆ. ಎಷ್ಟು ಜನ ಎಷ್ಟು ಗದ್ದಲದಲ್ಲಿ ಹೇಳಿದರೂ ಅದು ಕಳೆದುಹೋಗುವಂತಿಲ್ಲ. ಕೆಲಕಾಲ ಶಾಲೆಯ ಮಾಸ್ತರರಾಗಿದ್ದ ಕವಿಗೆ ಅಜ್ಞಾನವೆಂಬ ಮಾತು ನಾಲಗೆಯ ತುದಿಯಲ್ಲಿದ್ದುದು ಸಹಜವೇನೋ! ಇನ್ನೊಂದು ಸೂಕ್ಷ್ಮವನ್ನೂ ಇಲ್ಲಿ ಹೇಳಬೇಕು. ದೀಕ್ಷಿತರು ಮೈಸೂರಿನವರಾದರೂ 'ಮಾಳಿಗಿ' ಎಂಬ ಧಾರವಾಡದ ಕಡೆಯ ರೂಪವನ್ನು ತಿದ್ದಲಿಲ್ಲ; ಪುಸ್ತಕದ ಕನ್ನಡಕ್ಕೆ ಎಳೆದುತರಲಿಲ್ಲ. ನಮ್ಮ ಮಕ್ಕಳ ಬಾಯಿಮಾತನ್ನು ಕ್ಷಣಕ್ಷಣಕ್ಕೂ ತಿದ್ದುವ ನಾವು ಇದನ್ನು ಗಮನಿಸುವುದು ಒಳ್ಳೆಯದು. ಆ ಸೀಮೆಯ ಮಾಳಿಗೆಯೆಂದರೆ ಮಣ್ಣು ಹರವಿದ ಸಮತಟ್ಟಾದ ಮೇಲ್ಛಾವಣಿ. ಮಳೆಗೆ ಮೊದಲು ಏರಿ ಮಣ್ಣು ತಟ್ಟದಿದ್ದರೆ ಅದು ಸೋರಿಯೇ ತೀರುವುದು. ಹೆಂಚಿನ ಮನೆಯ ಹುಡುಗರಿಗೆ ಇಷ್ಟನ್ನು ತಿಳಿಸಿದರೆ, ಕತ್ತಲೆಯಲ್ಲಿ ಮೇಲೇರಲಾರೆನೆಂದು ಚರಣದಲ್ಲಿ ಹಲುಬುವವನ ಸಂಕಟ ತಾನಾಗಿ ತಿಳಿಯುತ್ತದೆ. ನಾಲ್ಕನೆಯ ತರಗತಿಯವರೂ ಪದವನ್ನು ಕಡೆಯವರೆಗೆ ಕೇಳುತ್ತಾರೆ.

ಆದುದರಿಂದ ಹೊಸ ಮೇಳದಲ್ಲಿ ಹೆಚ್ಚು ಉಳಿದ ಪದ ಯಾವುದೆಂದು ಕೇಳಿದರೆ ಮಾಳಿಗೆಯದೇ ಎನ್ನುತ್ತೇನೆ. ಆ ರಾತ್ರಿ ಚಪ್ಪಾಳೆ ಹೆಚ್ಚು ಬಿದ್ದದ್ದು ಮಾತ್ರ ಗುಡುಗುಡಿಗೆ.