ಪೆಟ್ಟಿಗೆಯ ಮೇಲಿನ ವಯಸ್ಸು, ಮಗುವಿನ ಕೈಯ ಅಳತೆ

ನಾಲ್ಕು ವರ್ಷದ ಮಗುವಿಗೆ ಯಾವ ವಿಡಿಯೊ ಗೇಮ್ ಕನ್ಸೋಲ್ ಕೊಳ್ಳಬೇಕು? ಈ ಪ್ರಶ್ನೆಗೆ ಸಲಹೆ ನೀಡುವವರು ಸಾಮಾನ್ಯವಾಗಿ ಬೆಲೆ, ಪ್ರೊಸೆಸರ್‌ನ ವೇಗ, ಚಿತ್ರದ ಸ್ಪಷ್ಟತೆ ಇವುಗಳನ್ನು ಹೋಲಿಸುತ್ತಾರೆ. ಕೊನೆಗೆ ಪೆಟ್ಟಿಗೆಯ ಮೇಲೆ ಮುದ್ರಿಸಿರುವ ವಯಸ್ಸನ್ನು ತೋರಿಸಿ ಮಾತು ಮುಗಿಸುತ್ತಾರೆ. ಮಗುವಿನ ಕೈ ಎಷ್ಟು ತೂಕವನ್ನು ಎಷ್ಟು ಹೊತ್ತು ಹಿಡಿಯಬಲ್ಲದು, ಕಣ್ಣಿಗೂ ಪರದೆಗೂ ನಡುವೆ ಎಷ್ಟು ದೂರ ಉಳಿಯುತ್ತದೆ ಎಂದು ಕೇಳುವವರು ವಿರಳ. ಎಳೆಯ ಮಕ್ಕಳ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆಗಳು ಇವೇ.

ವಯಸ್ಸಿನ ಮುದ್ರೆ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಯುರೋಪಿನಲ್ಲಿ 2003ರಿಂದ ಜಾರಿಯಲ್ಲಿರುವ ‘ಪೆಗಿ’ ವ್ಯವಸ್ಥೆಯಲ್ಲಿ ‘3’ ಎಂಬ ಅಂಕಿ ಇದ್ದರೆ, ಆಟದಲ್ಲಿ ಮಕ್ಕಳು ನೋಡಬಾರದ ಹಿಂಸೆ, ಭಯಾನಕ ದೃಶ್ಯ, ಕೆಟ್ಟ ಮಾತು ಇಲ್ಲ ಎಂದರ್ಥ. ಮೂರು ವರ್ಷದ ಮಗು ಅದನ್ನು ಆಡಬಲ್ಲದು ಎಂದಲ್ಲ. ಫಿಫಾ ಸರಣಿಯ ಫುಟ್‌ಬಾಲ್ ಆಟಗಳಿಗೂ ದೊರೆತದ್ದು ಇದೇ ಅಂಕಿ. ಎರಡು ಕೋಲು, ಹತ್ತಕ್ಕೂ ಮೀರಿದ ಗುಂಡಿಗಳಿರುವ ನಿಯಂತ್ರಕದಿಂದ ಆಡಬೇಕಾದ ಆಟಗಳವು! ಅಮೆರಿಕದ ‘ಇಎಸ್‌ಆರ್‌ಬಿ’ ವ್ಯವಸ್ಥೆಯಲ್ಲಿ ಎಳೆಯ ಮಕ್ಕಳಿಗೆಂದೇ ಇದ್ದ ಪ್ರತ್ಯೇಕ ವರ್ಗವನ್ನು 2018ರಲ್ಲಿ ಕೈಬಿಡಲಾಯಿತು. ಹೀಗೆ ಮುದ್ರೆಯು ಆಟದ ವಸ್ತುವನ್ನು ಅಳೆಯುತ್ತದೆಯೇ ಹೊರತು ಆಡುವ ದೇಹವನ್ನಲ್ಲ.

ಆ ದೇಹದ ಲೆಕ್ಕ ಕಷ್ಟದ್ದೇನೂ ಅಲ್ಲ. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್, ಎರಡೂ ಬದಿಯ ನಿಯಂತ್ರಕಗಳು ಸೇರಿ ಸುಮಾರು 400 ಗ್ರಾಂ ತೂಗುತ್ತದೆ. 2025ರಲ್ಲಿ ಬಂದ ಸ್ವಿಚ್ 2 ಸುಮಾರು 534 ಗ್ರಾಂ. ನಾಲ್ಕು ವರ್ಷದ ಮಗುವಿನ ತೂಕ 16 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ತೂಕದ ಅನುಪಾತದಲ್ಲಿ, 60 ಕಿಲೋಗ್ರಾಂ ತೂಗುವ ವಯಸ್ಕರಿಗೆ ಇವು ಕ್ರಮವಾಗಿ ಒಂದೂವರೆ ಮತ್ತು ಎರಡು ಕಿಲೋಗ್ರಾಂ ಆಗುತ್ತವೆ. ಎರಡು ಕಿಲೋ ಅಕ್ಕಿಯ ಚೀಲವನ್ನು ಎದೆಯ ಮುಂದೆ ಹಿಡಿದು ಅರ್ಧ ಗಂಟೆ ಓದಬಲ್ಲೆವೇ? ಮಗು ಏನು ಮಾಡುತ್ತದೆ ಎಂಬುದನ್ನು ಯಾರೂ ಗಮನಿಸಬಹುದು: ಮೊದಲು ಮೊಣಕೈ ತೊಡೆಗೆ ಇಳಿಯುತ್ತದೆ, ನಂತರ ಕುತ್ತಿಗೆ ಬಾಗುತ್ತದೆ, ಕೊನೆಗೆ ಬೋರಲಾಗಿ ಮಲಗಿ ಪರದೆಯನ್ನು ಮೂಗಿನ ಹತ್ತಿರಕ್ಕೆ ತಂದುಕೊಳ್ಳುತ್ತದೆ.

ಇಲ್ಲಿಂದ ಕಣ್ಣಿನ ಲೆಕ್ಕ ಆರಂಭವಾಗುತ್ತದೆ. ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಕಾಣಲು ಕಣ್ಣಿನ ಮಸೂರವು ಒದಗಿಸಬೇಕಾದ ಹೆಚ್ಚುವರಿ ಸಾಮರ್ಥ್ಯವನ್ನು ಡಯಾಪ್ಟರ್‌ಗಳಲ್ಲಿ ಅಳೆಯುತ್ತೇವೆ. ಮೀಟರಿನಲ್ಲಿರುವ ದೂರದಿಂದ ಒಂದನ್ನು ಭಾಗಿಸಿದರೆ ಸಾಕು. ಎರಡು ಮೀಟರ್ ದೂರದ ಟಿ.ವಿ.ಗೆ ಅರ್ಧ ಡಯಾಪ್ಟರ್. 20 ಸೆಂಟಿಮೀಟರ್ ದೂರದ ಕೈಪರದೆಗೆ ಐದು ಡಯಾಪ್ಟರ್. ಶ್ರಮ ಹತ್ತು ಪಟ್ಟು! ಎಳೆಯ ಕಣ್ಣಿನ ಮಸೂರ ಬಹಳ ಮೃದು. ಹತ್ತು ಡಯಾಪ್ಟರ್‌ಗೂ ಮೀರಿ ಹೊಂದಿಕೊಳ್ಳಬಲ್ಲದು. ಆದ್ದರಿಂದ ಮಗು ದೂರುವುದಿಲ್ಲ. ಅದು ದೂರದಿರುವುದರಿಂದಲೇ ದೊಡ್ಡವರು ಲೆಕ್ಕ ಹಾಕಬೇಕಾಗಿದೆ. ದೀರ್ಘಕಾಲದ ಹತ್ತಿರದ ನೋಟಕ್ಕೂ ಸಮೀಪದೃಷ್ಟಿಗೂ ಸಂಬಂಧವಿರುವುದನ್ನು ಹಲವು ಅಧ್ಯಯನಗಳು ಸೂಚಿಸಿವೆ. ಮಕ್ಕಳು ಬಯಲಿನಲ್ಲಿ ಕಳೆಯುವ ಸಮಯ ಈ ದೋಷವನ್ನು ತಡೆಯಲು ನೆರವಾಗುತ್ತದೆ ಎಂಬುದಕ್ಕೆ ಪುರಾವೆ ಇನ್ನೂ ಗಟ್ಟಿಯಾಗಿದೆ.

ಕಣ್ಣಿನ ವಿಷಯದಲ್ಲಿ ತಯಾರಕರೇ ಎಚ್ಚರಿಸಿದ ಉದಾಹರಣೆಯೂ ಇದೆ. 2011ರ ನಿಂಟೆಂಡೊ 3ಡಿಎಸ್ ಕನ್ನಡಕವಿಲ್ಲದೆ ಮೂರು ಆಯಾಮದ ಚಿತ್ರ ತೋರಿಸುತ್ತಿತ್ತು. ಒಂದೊಂದು ಕಣ್ಣಿಗೆ ಬೇರೆ ಬೇರೆ ಚಿತ್ರ ಕಳಿಸುವುದು ಅದರ ತತ್ತ್ವ. ಮಸೂರಗಳು ಪರದೆಯ ಮೇಲೆ ನಾಭೀಕರಿಸಿರುತ್ತವೆ. ಎರಡು ಕಣ್ಣುಗಳ ದೃಷ್ಟಿರೇಖೆಗಳು ಮಾತ್ರ ಪರದೆಯ ಮುಂದೋ ಹಿಂದೋ ಸಂಧಿಸುತ್ತವೆ. ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಈ ಸೌಲಭ್ಯ ಬಳಸಬಾರದೆಂದು ಕಂಪೆನಿ ಎಚ್ಚರಿಸಿ, ಅದನ್ನು ಬಂದ್ ಮಾಡುವ ಬೀಗವನ್ನೂ ಇಟ್ಟಿತು. 2013ರಲ್ಲಿ ಆ ಸೌಲಭ್ಯವನ್ನೂ ಮಡಚುವ ಕೀಲನ್ನೂ ತೆಗೆದುಹಾಕಿ, ಕಡಮೆ ಬೆಲೆಗೆ 2ಡಿಎಸ್ ತಂದಿತು. ಎಳೆಯರಿಗೆ ಉತ್ತಮವಾದ ಯಂತ್ರ ಒಂದು ಗುಣವನ್ನು ಕಳೆದದ್ದರಿಂದ ದೊರೆಯಿತು, ಸೇರಿಸಿದ್ದರಿಂದಲ್ಲ ಎಂಬುದು ಗಮನಾರ್ಹ. ಈ ಎರಡೂ ಈಗ ತಯಾರಿಕೆಯಲ್ಲಿಲ್ಲ.

ಹಾಗಾದರೆ ಪರದೆ ದೂರವಿದ್ದು, ಕೈಯಲ್ಲಿ ಹಗುರ ವಸ್ತುವಿದ್ದರೆ ಸಾಕೇ? 2006ರ ನಿಂಟೆಂಡೊ ವೀ ಈ ದಾರಿ ಹಿಡಿಯಿತು. ಸುಮಾರು 150 ಗ್ರಾಂನ ಕೋಲನ್ನು ಬೀಸಿದರೆ ಒಳಗಿನ ವೇಗೋತ್ಕರ್ಷಮಾಪಕ ಆ ಚಲನೆಯನ್ನು ಗ್ರಹಿಸುತ್ತಿತ್ತು. ಗುಂಡಿಗಳನ್ನು ನೆನಪಿಡಲಾಗದ ಮಗುವಿಗೂ ಬೀಸುವುದು ಗೊತ್ತು. ಈ ದೃಷ್ಟಿಯಿಂದ ಅದು ಮೆಚ್ಚತಕ್ಕ ವಿನ್ಯಾಸ. ಆದರೆ ಅರ್ಧ ಮೀಟರ್ ತ್ರಿಜ್ಯದಲ್ಲಿ ಸೆಕೆಂಡಿಗೆ 6 ಮೀಟರ್ ವೇಗದಿಂದ ಬೀಸಿದಾಗ ಕೋಲನ್ನು ಹಿಡಿದಿಡಲು ಸುಮಾರು 11 ನ್ಯೂಟನ್ ಬಲ, ಅಂದರೆ ಒಂದು ಕಿಲೋಗ್ರಾಂ ತೂಕಕ್ಕಿಂತ ಹೆಚ್ಚು, ಬೇಕು. ಬೆವರಿದ ಕೈಯಿಂದ ಕೋಲು ಜಾರಿತು, ಮಣಿಕಟ್ಟಿನ ದಾರ ಹರಿಯಿತು. ಅದೇ ಡಿಸೆಂಬರಿನಲ್ಲಿ ಕಂಪೆನಿ 0.6 ಮಿಲಿಮೀಟರ್ ದಾರದ ಬದಲು 1 ಮಿಲಿಮೀಟರ್ ದಾರ ಕೊಡಬೇಕಾಯಿತು. ಅಡ್ಡಕೊಯ್ತದ ವಿಸ್ತೀರ್ಣ, ಅದರೊಡನೆ ಬಲವೂ, ಸುಮಾರು 2.8 ಪಟ್ಟಾಯಿತು. ಮಗು ನಿಧಾನವಾಗಿ ಬೀಸುತ್ತದೆ, ನಿಜ. ಅದರ ಹಿಡಿತವೂ ಅಷ್ಟೇ ದುರ್ಬಲ.

ಈ ಅಳತೆಗಳಿಂದ ನೋಡಿದರೆ ಇಂದಿನ ಒಂದು ಜನಪ್ರಿಯ ಸಲಹೆ ತಲೆಕೆಳಗಾಗುತ್ತದೆ. ಅಗ್ಗ, ಗಟ್ಟಿಮುಟ್ಟು, ಆದ್ದರಿಂದ ಮಕ್ಕಳಿಗೆ ಸರಿ ಎಂದು 2019ರ ಸ್ವಿಚ್ ಲೈಟ್ ಅನ್ನು ಸೂಚಿಸುವವರು ಬಹಳ. ಅದರ ತೂಕ 275 ಗ್ರಾಂ ಎಂಬುದೇನೋ ಒಳ್ಳೆಯದೇ. ಆದರೆ ಅದನ್ನು ಟಿ.ವಿ.ಗೆ ಜೋಡಿಸಲು ಬರುವುದಿಲ್ಲ. ಮಗು ಯಾವಾಗಲೂ ಐದೂವರೆ ಅಂಗುಲದ ಪರದೆಗೇ ಬಾಗಬೇಕು. ಬೆಲೆ ಹೆಚ್ಚಿದ್ದರೂ ಸಾಮಾನ್ಯ ಸ್ವಿಚ್ ಅನ್ನು ಟಿ.ವಿ.ಗೆ ಜೋಡಿಸಿದರೆ ಮಗುವಿನ ಕೈಯಲ್ಲಿ ಉಳಿಯುವುದು ಸುಮಾರು 50 ಗ್ರಾಂನ ಒಂದು ನಿಯಂತ್ರಕ ಮಾತ್ರ. ಅದರ ಆಟದ ಕಾರ್ಡುಗಳಿಗೆ ಡಿನಾಟೋನಿಯಂ ಬೆಂಜೋಯೇಟ್ ಎಂಬ ಕಡುಕಹಿ ವಸ್ತುವನ್ನು ಲೇಪಿಸಿದ್ದಾರೆ. ಬಾಯಿಗಿಟ್ಟ ಮಗು ಕೂಡಲೇ ಉಗುಳಲಿ ಎಂದು. ಮಕ್ಕಳನ್ನು ನಿಜವಾಗಿ ನೋಡಿ ಮಾಡಿದ ವಿನ್ಯಾಸವೆಂದರೆ ಇದು.

ಇಷ್ಟಾದರೂ ಒಂದು ಅಳತೆ ಉಳಿಯುತ್ತದೆ: ಸಮಯ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಕುಳಿತು ಪರದೆ ನೋಡುವ ಅವಧಿ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಮೆಯಾದಷ್ಟೂ ಒಳ್ಳೆಯದು. ಒಂದು ವರ್ಷದ ಕೂಸಿಗೆ ಅದು ಬೇಡವೇ ಬೇಡ. ಆದ್ದರಿಂದ ಕೊಳ್ಳುವ ಮುನ್ನ ಅಡುಗೆಮನೆಯ ತಕ್ಕಡಿ, ದರ್ಜಿಯ ಟೇಪು, ಗೋಡೆಯ ಗಡಿಯಾರ ಈ ಮೂರನ್ನೂ ಕೇಳಿ. ಮಗುವಿನ ಪಕ್ಕದಲ್ಲಿ ಕುಳಿತು ಆಡಲು ನಿಮಗೆ ಬಿಡುವಿಲ್ಲವೆಂದಾದರೆ ಕನ್ಸೋಲ್ ಬೇಡ, ಒಂದು ಚೆಂಡು ತನ್ನಿ. ಅದರಲ್ಲಿಯೂ ಬಲ, ವೇಗ, ಗುರುತ್ವ ಎಲ್ಲವೂ ಇವೆ. ಅದನ್ನು ಆಡಲು ಮಗು ಬಯಲಿಗೆ ಹೋಗಲೇಬೇಕಾಗುತ್ತದೆ.