ಋಣ ಮತ್ತು ಮನ್ನಣೆ: ಕನ್ನಡ ಕ್ರೈಸ್ತ ವಾಙ್ಮಯದಲ್ಲಿ ಕೃತಜ್ಞತೆಯ ಮಾತು

ಬೆಂಗಳೂರಿನಲ್ಲಿ 1904ರಲ್ಲಿ ಕಟ್ಟಲ್ಪಟ್ಟ ಹಡ್ಸನ್ ಸ್ಮಾರಕ ದೇವಾಲಯದ ಕನ್ನಡ ಆರಾಧನೆಗೆ ಕಿವಿಗೊಡುವ ಸಾಹಿತ್ಯಾಭ್ಯಾಸಿಗೆ ಅಲ್ಲಿನ ಮಾತುಗಳು ಹೊಸವೆಂದು ತೋರುವುದಿಲ್ಲ. ಕೃಪೆ, ಕರುಣೆ, ಕ್ಷಮೆ, ಸ್ತೋತ್ರ ಎಂಬಿವೆಲ್ಲವೂ ಶರಣರಿಗೂ ದಾಸರಿಗೂ ಪರಿಚಿತವಾದ ಶಬ್ದಗಳೇ. ಶಬ್ದಗಳು ಹಳೆಯವಾಗಿದ್ದು ಅವುಗಳಲ್ಲಿ ತುಂಬಬೇಕಾದ ಅರ್ಥವು ಬೇರೆಯಾದಾಗ ಭಾಷೆಯು ಅದನ್ನು ಹೇಗೆ ಧರಿಸುವುದೆಂಬುದು ವಿಚಾರಾರ್ಹವಾದ ವಿಷಯ. ದೇವರು ಪಾಪವನ್ನು ಕ್ಷಮಿಸಿದನೆಂಬ ನಂಬಿಕೆಯಿಂದ ಹುಟ್ಟುವ ಕೃತಜ್ಞತೆಯೇ ಇದಕ್ಕೆ ಉತ್ತಮವಾದ ನಿದರ್ಶನ.

ಈ ವಾಙ್ಮಯವು ಅಲ್ಪವಾದುದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ಶ್ರಮದಿಂದ ಸಮಗ್ರವಾದ ಕನ್ನಡ ಬೈಬಲು 1831ರಲ್ಲಿ ಬಳ್ಳಾರಿಯಲ್ಲಿ ಸಿದ್ಧವಾಯಿತು. 1862ರಲ್ಲಿ ಕಿಟ್ಟೆಲರು ಕ್ರಿಸ್ತಚರಿತ್ರೆಯನ್ನು ಕನ್ನಡಿಗರ ಕಿವಿಗೆ ಒಗ್ಗಿದ ಛಂದೋರೂಪಗಳಲ್ಲಿ 'ಕಥಾಮಾಲೆ'ಯಾಗಿ ರಚಿಸಿದರು. 1930ರ ದಶಕದಲ್ಲಿ ಮಂಜೇಶ್ವರದ ಗೋವಿಂದ ಪೈಗಳು, ಸ್ವತಃ ಕ್ರೈಸ್ತರಲ್ಲದಿದ್ದರೂ, ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ' ಕಾವ್ಯಕ್ಕೆ ವಸ್ತುವಾಗಿ ಆರಿಸಿಕೊಂಡರು. ಆದುದರಿಂದ ಇದನ್ನು ಒಂದು ಮತದವರ ಮನೆಯ ಮಾತೆಂದು ಬದಿಗಿಡುವುದು ಸರಿಯಲ್ಲ. ಇದು ಕನ್ನಡದ ಮಾತೇ ಆಗಿದೆ.

ಕನ್ನಡದಲ್ಲಿ ಕೃತಜ್ಞತೆಯ ಹಳೆಯ ರೂಪವಾವುದು? ಕೃತಜ್ಞನೆಂದರೆ ಮಾಡಿದ ಉಪಕಾರವನ್ನು ಅರಿತವನು. ಅರಿತಮೇಲೆ ಅದನ್ನು ತೀರಿಸತಕ್ಕದ್ದು. ತೀರಿಸದೆ ಉಳಿದುದು ಋಣ. ಹಳಗನ್ನಡ ಕವಿಗಳು 'ಜೋಳದ ಪಾಳಿ' ಎಂದು ಕರೆದುದು ಈ ಧರ್ಮವನ್ನೇ. ಒಡೆಯನ ಜೋಳವನ್ನುಂಡವನು ಸಮಯ ಬಂದಾಗ ಪ್ರಾಣವನ್ನೇ ತೆತ್ತು ಆ ಅನ್ನಕ್ಕೆ ಸಲ್ಲಬೇಕು. 941ರ 'ವಿಕ್ರಮಾರ್ಜುನವಿಜಯ'ದಲ್ಲಿ ಪಂಪನು ಚಿತ್ರಿಸಿದ ಕರ್ಣನು ಇದರ ಮೇರು. ಕುಲವನ್ನೆತ್ತಿ ಹಳಿದ ಸಭೆಯಲ್ಲಿ ದುರ್ಯೋಧನನು ಅವನಿಗೆ ಅಂಗರಾಜ್ಯವನ್ನಿತ್ತು ಮನ್ನಿಸಿದನು. ಆ ಮನ್ನಣೆಯೇ ಕರ್ಣನಿಗೆ ತೀರಿಸಬೇಕಾದ ಋಣವಾಯಿತು. ತನ್ನ ಜನ್ಮವೃತ್ತಾಂತವು ತಿಳಿದ ಬಳಿಕವೂ, ತಾನಾಗಿ ಒದಗಿಬಂದ ರಾಜ್ಯವನ್ನು ಅವನು ಒಲ್ಲನು; ರಣದಲ್ಲಿ ಪ್ರಾಣವನ್ನೊಪ್ಪಿಸಿ ಲೆಕ್ಕವನ್ನು ಚುಕ್ತಮಾಡುವನು. ಇದಕ್ಕಿಂತ ಉದಾತ್ತವಾದ ಕೃತಜ್ಞತೆಯನ್ನು ಕನ್ನಡ ಕಾವ್ಯವು ಬಲ್ಲುದೆನ್ನುವುದು ಕಷ್ಟ.

ಸುವಾರ್ತೆಯ ಕಥೆಗಳೂ ಸಾಲದಿಂದಲೇ ಮೊದಲಾಗುವುವು. ಲೂಕನ 7ನೆಯ ಅಧ್ಯಾಯದಲ್ಲಿ ಒಬ್ಬನು 500, ಇನ್ನೊಬ್ಬನು 50 ಬೆಳ್ಳಿನಾಣ್ಯಗಳ ಸಾಲಗಾರರು. ಇಬ್ಬರಿಗೂ ತೀರಿಸುವ ಗತಿಯಿಲ್ಲ. ಸಾಹುಕಾರನು ಇಬ್ಬರ ಸಾಲವನ್ನೂ ಬಿಡುವನು. ಅವರಲ್ಲಿ ಯಾರು ಹೆಚ್ಚು ತೀರಿಸುವರೆಂಬುದು ಅಲ್ಲಿಯ ಪ್ರಶ್ನೆಯಲ್ಲ. ಯಾರು ಹೆಚ್ಚು ಪ್ರೀತಿಸುವರೆಂಬುದು. 15ನೆಯ ಅಧ್ಯಾಯದ ಕಿರಿಯ ಮಗನಾದರೋ ಆಸ್ತಿಯನ್ನು ಹಾಳುಮಾಡಿ, ತಂದೆಯ ಮುಂದೆ ಆಡಬೇಕಾದ ಮಾತನ್ನು ದಾರಿಗೆ ಮೊದಲೇ ಜೋಡಿಸಿಕೊಂಡು ಬರುವನು. ಅದರ ಕೊನೆಯ ಭಾಗವು ತನ್ನನ್ನು ಕೂಲಿಯಾಳಾಗಿ ಇರಿಸಿಕೊಳ್ಳಬೇಕೆಂಬುದು. ಇದು ಕರ್ಣನಿಗೂ ಒಪ್ಪಿಗೆಯಾಗಬಹುದಾದ ಮಾತು: ದುಡಿದು ಉಣ್ಣುವೆನು, ಪುಕ್ಕಟೆಯಾಗಿ ಉಣ್ಣೆನು. ಆದರೆ ಹೆಚ್ಚು ಪ್ರಮಾಣವೆಂದು ವಿದ್ವಾಂಸರು ಒಪ್ಪಿದ ಪಾಠದಲ್ಲಿ ಈ ಭಾಗವು ತಂದೆಯ ಮುಂದೆ ಹೊರಡುವುದೇ ಇಲ್ಲ. ಮಗನು ತನ್ನ ದೋಷವನ್ನು ಒಪ್ಪಿಕೊಂಡೊಡನೆ ತಂದೆಯು ಆಳುಗಳತ್ತ ತಿರುಗಿ ನಿಲುವಂಗಿ, ಉಂಗುರ, ಜೋಡುಗಳನ್ನು ತರಿಸುವನು. ಕೂಲಿಯ ಮಾತಿಗೆ ಎಡೆಯೇ ದೊರೆಯಲಿಲ್ಲ. ಮನ್ನಣೆಯು ಅಲ್ಲಿ ಋಣವನ್ನು ಹುಟ್ಟಿಸಿತು. ಇಲ್ಲಿ ಋಣವನ್ನು ಅಳಿಸಿತು.

ಇಷ್ಟನ್ನು ಧರಿಸಬಲ್ಲ ಕನ್ನಡ ಶಬ್ದವಾವುದೆಂಬುದು ವಿಮರ್ಶೆಯ ಮುಖ್ಯ ಪ್ರಶ್ನೆ. ಭಾಷಾಂತರದಲ್ಲಿ ನೆಲೆಗೊಂಡ ಶಬ್ದ 'ಕ್ಷಮಿಸು'. ಅದು ಗಂಭೀರವಾದುದು, ಎಲ್ಲರಿಗೂ ತಿಳಿದುದು; ಆದರೆ ಅದರ ಧಾತುವಿನಲ್ಲಿರುವುದು ಸಹನೆ. ಗ್ರೀಕ್ ಮೂಲದ 'ಅಫಿಯೆಮಿ' ಎಂಬುದಕ್ಕೆ ಬಿಟ್ಟುಬಿಡು, ಹೋಗಗೊಡು ಎಂಬ ಅರ್ಥ. ಸಹಿಸಿಕೊಂಡವನ ಮನಸ್ಸಿನಲ್ಲಿ ಲೆಕ್ಕವು ಉಳಿದಿರಬಹುದು, ಬಿಟ್ಟವನಲ್ಲಿ ಉಳಿಯದು. ಕನ್ನಡದ 'ಮನ್ನಿಸು' ಎಂಬುದಕ್ಕಾದರೋ ಗೌರವಿಸು ಎಂದೂ ತಪ್ಪನ್ನು ಕ್ಷಮಿಸು ಎಂದೂ ಎರಡರ್ಥಗಳುಂಟು. ಇಂದಿನ 'ಸಾಲಮನ್ನಾ' ಎಂಬ ವ್ಯವಹಾರದ ಮಾತೂ ಕಿವಿಗೆ ಅದರ ನೆರೆಯದಾಗಿಯೇ ಕೇಳುವುದು. ಕ್ಷಮೆಯು ತಪ್ಪನ್ನು ಮಾತ್ರ ನೋಡುವುದು. ಮನ್ನಣೆಯು ತಪ್ಪುಮಾಡಿದವನನ್ನು ನೋಡುವುದು. ಉಂಗುರವನ್ನು ತೊಡಿಸಿದ ತಂದೆಯ ಕಾರ್ಯವನ್ನು ಹೇಳಲು ಇದಕ್ಕಿಂತ ತಕ್ಕ ಶಬ್ದವಿಲ್ಲ. ನಿತ್ಯದ ಉಪಚಾರದಲ್ಲಿ ಸವೆದುದೆಂಬ ಆಕ್ಷೇಪವು ಇದಕ್ಕೆ ಬರಬಹುದು. ಆ ಸವೆತವು 'ಕ್ಷಮಿಸಿ' ಎಂಬ ಮಾತಿಗೂ ಸಮಾನವೇ.

ಇನ್ನು ಕೃತಜ್ಞತೆಯ ಶಬ್ದ. ಗ್ರೀಕಿನಲ್ಲಿ ಕೃಪೆಗೆ 'ಖಾರಿಸ್', ಕೃತಜ್ಞತೆಗೆ 'ಎವ್ಖರಿಸ್ತಿಯ'. ಎರಡೂ ಒಂದೇ ಬೇರಿನವು. ಕೃಪೆ ಹೋದ ದಾರಿಯಲ್ಲಿಯೇ ಕೃತಜ್ಞತೆ ಮರಳುವುದೆಂಬುದು ಆ ಭಾಷೆಯ ರಚನೆಯಲ್ಲಿಯೇ ಅಡಗಿದೆ. ಕನ್ನಡದಲ್ಲಿ ಕೃಪೆಗೂ ಕೃತಜ್ಞತೆಗೂ ಅಂತಹ ನಂಟಿಲ್ಲ. ಭಾಷಾಂತರಕಾರರು 'ಸ್ತೋತ್ರ', 'ಕೃತಜ್ಞತಾಸ್ತುತಿ' ಎಂಬ ಮಾತುಗಳಿಂದ ಈ ಕೊರತೆಯನ್ನು ತುಂಬಿದರು. ಇದರಿಂದ ಋಣದ ಲೆಕ್ಕವು ತಪ್ಪಿ ಹಾಡು ದೊರೆಯಿತು; ಇದು ಅವರ ದೊಡ್ಡ ಲಾಭ. ಆದರೆ ಕೃತಜ್ಞತೆಯು ಸ್ತುತಿಯಲ್ಲಿಯೇ ಮುಗಿಯಿತೆಂಬ ಭ್ರಮೆಗೂ ಇದರಿಂದ ಎಡೆಯಾಯಿತು.

ಆ ಭ್ರಮೆಯನ್ನು ಮತ್ತಾಯನ 18ನೆಯ ಅಧ್ಯಾಯದ ಕಥೆಯು ಹರಿಯುವುದು. ರಾಜನಿಂದ 10,000 ತಲಾಂತುಗಳ ಸಾಲವನ್ನು ಬಿಡಿಸಿಕೊಂಡ ಸೇವಕನು, ಹೊರಗೆ ಬಂದೊಡನೆ, 100 ಬೆಳ್ಳಿನಾಣ್ಯ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆಯನ್ನು ಹಿಡಿಯುವನು. ಅವನು ರಾಜನಿಗೆ ಅಡ್ಡಬೀಳಲು ಅರಿಯದವನಲ್ಲ. ಕ್ಷಮೆಯನ್ನು ಮುಂದಕ್ಕೆ ಸಾಗಿಸಲು ಅರಿಯದವನು. ಜೋಳದ ಪಾಳಿಯಲ್ಲಿ ಕೃತಜ್ಞತೆಯು ಕೊಟ್ಟವನಿಗೇ ಹಿಂದಿರುಗುವುದು. ಇಲ್ಲಿ ಕೊಟ್ಟವನಿಗೆ ತೀರಿಸುವುದು ಅಸಾಧ್ಯವಾದುದರಿಂದ ಅದು ಪಕ್ಕದವನತ್ತ ಹರಿಯಬೇಕು.

ಇದರಿಂದ ಕರ್ಣನ ಹಿರಿಮೆಗೆ ಕುಂದಿಲ್ಲ. ಆದರೆ ದುಡಿಯುತ್ತಲೇ ಇದ್ದ ಹಿರಿಯ ಮಗನು ಮುನಿದು ಹೊರಗೆ ನಿಂತುದಕ್ಕೆ ಕಾರಣವು ಈ ಎರಡು ಧರ್ಮಗಳ ಅಂತರವೇ. ಅವನು ಎಣಿಸಿದುದು ಸೇವೆಯ ವರ್ಷಗಳನ್ನು. ತಂದೆಯು ಹೇಳಿದುದು ತನ್ನದೆಲ್ಲವೂ ಅವನದೇ ಎಂದು. ಅವನು ಒಳಕ್ಕೆ ಬಂದನೋ ಇಲ್ಲವೋ ಎಂಬುದನ್ನು ಲೂಕನು ಹೇಳದೆ ಬಿಟ್ಟನು. ಋಣವನ್ನು ತೀರಿಸುವುದೇ ಮಾನವೆಂದು ಕಲಿತ ಭಾಷೆಯೊಂದು ತೀರಿಸಲಾಗದ ಮನ್ನಣೆಯನ್ನು ಕೈಚಾಚಿ ಸ್ವೀಕರಿಸಲು ಕಲಿಯುವುದು ಸುಲಭವಲ್ಲ. ಆ ಕಲಿಕೆಗೆ ಬೇಕಾದ ಶಬ್ದವು ಕನ್ನಡದ ಭಂಡಾರದಲ್ಲಿ ಮೊದಲಿನಿಂದಲೂ ಇದ್ದಿತೆಂಬುದನ್ನು ಮುಂದಿನ ಭಾಷಾಂತರಕಾರರು ಗಮನಿಸುವುದು ಯೋಗ್ಯ.