ಒದ್ದೆ ಮಡಿ

ಇಚಲಕರಂಜಿಯ ಶಾಲೆಯೊಂದರ ಒರಿಗಾಮಿ ಸ್ಪರ್ಧೆಯಲ್ಲಿ ನಮ್ಮ ಓಣಿಯ ಹುಡುಗಿಯ ಆನೆಯನ್ನು ಪಕ್ಕಕ್ಕೆ ಸರಿಸಿಬಿಟ್ಟರು. ತಪ್ಪೇನೆಂದರೆ, ಕಾಗದಕ್ಕೆ ನೀರು ಸೋಕಿಸಿದ್ದಾಳೆ. ಒಂದೇ ಚೌಕ, ಕತ್ತರಿ ಕೂಡದು, ಅಂಟು ಕೂಡದು, ನೀರಂತೂ ಕೂಡಲೇ ಕೂಡದು: ಇದೇ ಶುದ್ಧ ಒರಿಗಾಮಿಯಂತೆ. ನಮ್ಮ ಅಜ್ಜಿಯ ಪಾಲಿಗೆ ಒದ್ದೆ ಸೀರೆಯೇ ಕಟ್ಟುನಿಟ್ಟಿನ ಮಡಿ. ಕಾಗದದ ಮಡಿವಂತರಿಗೆ ನೀರೇ ಮೈಲಿಗೆ.

ಈ ಮಡಿ ಅಷ್ಟೇನೂ ಹಳೆಯದಲ್ಲ. 1797ರಲ್ಲಿ ಜಪಾನಿನಲ್ಲಿ ಅಚ್ಚಾದ ‘ಸೆನ್‌ಬಜುರು ಒರಿಕಾಟ’ದ ಕೊಕ್ಕರೆಗಳು ಒಂದೇ ಹಾಳೆಯಲ್ಲಿ ಸಾಲಾಗಿ ಜೋತುಬೀಳುವುದು ಹಾಳೆಗೆ ಕತ್ತರಿ ಹಾಕಿದ್ದರಿಂದಲೇ. ಒದ್ದೆ ಮಡಿಕೆಯನ್ನು ಬೆಳೆಸಿದ ಅಕಿರಾ ಯೋಶಿಜಾವಾ (1911–2005) ಹೊರಗಿನವರೂ ಅಲ್ಲ. ಮಡಿಕೆಯ ಪುಸ್ತಕಗಳಲ್ಲಿರುವ ಬಾಣ, ಚುಕ್ಕೆಗೆರೆಗಳ ಪದ್ಧತಿಯೂ ಮೂಲತಃ ಅವರದೇ. ನೀರನ್ನು ಬೈಯುವವರು ಅವರ ಬಾಣದ ದಾರಿಯಲ್ಲೇ ಮಡಿಚುತ್ತಾರೆ.

ಅಂಟಿಲ್ಲ ಎನ್ನುವ ಜಂಬವೂ ಸುಳ್ಳೇ. ಒಳ್ಳೆಯ ಡ್ರಾಯಿಂಗ್ ಹಾಳೆಗೆ ಗಿರಣಿಯಲ್ಲೇ ಪಿಷ್ಟವನ್ನೋ ಜೆಲಟಿನ್ನನ್ನೋ ಉಣಿಸಿರುತ್ತಾರೆ. ಅದಕ್ಕೆ ಹೆಸರು ಸೈಜಿಂಗ್. 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಪಾವರ್‌ಲೂಮ್ ತಂದ ಇಚಲಕರಂಜಿಗೆ ಈ ಮಾತನ್ನು ಬಿಡಿಸಿ ಹೇಳಬೇಕೆ? ಗಂಜಿ ಕುಡಿಯದ ಹಾಸುನೂಲು ಮಗ್ಗದ ಮೇಲೆ ಪಟಪಟನೆ ಹರಿಯುತ್ತದೆ. ಕಾಗದದಲ್ಲೂ ಕೆಲಸ ಮಾಡುವುದು ಆ ಗಂಜಿಯೇ: ತೇವಕ್ಕೆ ಸಡಿಲಗೊಂಡು ನಾರುಗಳನ್ನು ಜಾರಬಿಡುತ್ತದೆ, ಒಣಗುವಾಗ ಹೊಸ ಜಾಗದಲ್ಲಿ ಕಚ್ಚಿ ಹಿಡಿಯುತ್ತದೆ. ಕೊಲ್ಹಾಪುರದ ಚಪ್ಪಲಿ ಕಟ್ಟುವವರು ಚರ್ಮ ನೆನೆಸಿ ಬಡಿದರೆ ಅದನ್ನು ಯಾರೂ ಮೋಸ ಎನ್ನುವುದಿಲ್ಲ.

ಜಗಳ ಕಾಯುವ ಮೊದಲು ನಾನೂ ಒಂದು ಎತ್ತು ಮಡಿಚಿ ನೋಡಿದೆ, ಬೆಂದೂರು ಎಂಬ ಎತ್ತಿನ ಹಬ್ಬದ ಮಣ್ಣೆತ್ತನ್ನು ಎದುರಿಗಿಟ್ಟುಕೊಂಡು. ಹಿಂಡಿದ ಬಟ್ಟೆಯಿಂದ ದಪ್ಪ ಹಾಳೆಯನ್ನು ಒರೆಸಿದ್ದೇ ತಡ, ಅದು ಅಗಲಕ್ಕೆ ಹೆಚ್ಚು, ಉದ್ದಕ್ಕೆ ಕಡಿಮೆ ಹಿಗ್ಗಿತು. ಮೂಲೆಗೆ ಮೂಲೆ ಕೂಡಲಿಲ್ಲ. ನೀರು ತುಸು ಜಾಸ್ತಿಯಾಯಿತು ನೋಡಿ, ಪದರ ಮೇಲೆ ಪದರ ಬಂದ ಗೊರಸಿನ ಹತ್ತಿರ ಹಾಳೆ ಹಸಿ ಹಪ್ಪಳದಂತೆ ಕಿತ್ತುಬಂತು. ಮೂರನೆಯ ಹಾಳೆಯಲ್ಲಿ ಹಿಣಿಲು ಎದ್ದಿತು. ಬಟ್ಟೆ ಕ್ಲಿಪ್ಪು ಸಿಕ್ಕಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬೆರಳಲ್ಲಿ ತಟ್ಟಿದರೆ ಟಕ್ ಎಂದಿತು. ಒಣ ಮಡಿಕೆಗಿಂತ ಇದು ಸುಲಭ ಎನ್ನುವವರು ಒಮ್ಮೆ ಕೈಹಾಕಿ ನೋಡಲಿ.

ಹಾಗಂತ ನೀರಿನ ಪಕ್ಷದವರು ಹಿಗ್ಗಬೇಕಾಗಿಲ್ಲ. ಗುಂಡಗಾದದ್ದೆಲ್ಲ ಜೀವಂತವಲ್ಲ. ಎಷ್ಟೋ ಒದ್ದೆ ಪ್ರಾಣಿಗಳು ಬಳಸಿ ಸವೆದ ಸೋಪಿನಂತಿರುತ್ತವೆ. ಎಲುಬು ಎಲ್ಲಿದೆಯೆಂದೇ ತಿಳಿಯದು, ಸೋತ ಮಡಿಕೆಯನ್ನು ನುಣುಪು ಮುಚ್ಚಿರುತ್ತದೆ. ಗಡಹಿಂಗ್ಲಜ ಕಡೆಯ ರೈತ ಎತ್ತು ಕೊಳ್ಳುವಾಗ ಕಾಲು ಊರುವ ಬಗೆ ನೋಡುತ್ತಾನೆ, ಮೈ ತೊಳೆದ ನೀರನ್ನಲ್ಲ. ಆ ಹುಡುಗಿಯ ಆನೆ ಕಿವಿಗಳನ್ನು ಹಿಂದಕ್ಕೆ ಬಾಗಿಸಿ ಏನನ್ನೋ ಆಲಿಸುವಂತಿತ್ತು. ಸೊಂಡಿಲಿನ ಬುಡದಲ್ಲಿ ಮಾತ್ರ ಕಾಗದ ಬಿರಿದಿತ್ತು. ಆ ಬಿರುಕಿಗೆ ಅಂಕ ಕಳೆದಿದ್ದರೆ ನನ್ನದೇನೂ ತಕರಾರಿರಲಿಲ್ಲ.